ಮಗ್ಗ ಬಿಡುವ ಮಾತು: ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನೇಕಾರಿಕೆಯ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಎರಡು ಬಗೆಯ ನೇಕಾರಿಕೆಗೆ ಹೆಸರಾದವು. ಮೊಳಕಾಲ್ಮೂರಿನದು ರೇಷ್ಮೆ ಸೀರೆ, ಚಳ್ಳಕೆರೆಯದು ಕರಿ ಕಂಬಳಿ. ಒಂದು ಮದುವೆ ಮನೆಯ ಬಟ್ಟೆ, ಇನ್ನೊಂದು ಕುರಿ ಕಾಯುವವರ ಹೆಗಲಿನದು. ಎರಡನ್ನೂ ನೇಯುವ ಮನೆಗಳಲ್ಲಿ ತಲೆಮಾರುಗಳಿಂದ ಒಂದೇ ಮಾತು ಮತ್ತೆ ಮತ್ತೆ ಎದ್ದಿದೆ: ದುಡಿದಷ್ಟಕ್ಕೆ ಗಿಟ್ಟದ ಈ ಕಸುಬನ್ನು ಬಿಡುವುದೋ, ಇನ್ನೊಂದು ವರ್ಷ ನೋಡುವುದೋ? ಮನಸ್ಸಿಗೆ ಹಿಡಿಸದ ಕೆಲಸದಲ್ಲಿ ಸಿಕ್ಕಿಕೊಂಡು ಒದ್ದಾಡುವುದು ಪಟ್ಟಣದ ಕಚೇರಿಗಳಲ್ಲಿ ಹುಟ್ಟಿದ ಕಷ್ಟ ಎಂದು ಅನೇಕರು ತಿಳಿದಿದ್ದಾರೆ. ಈ ಬಯಲು ಸೀಮೆಯ ನೇಕಾರರಿಗೆ ಅದು ಹಳೆಯ ಪರಿಚಯ. ಕೆಲಸ ಬಿಡುವ ಸ್ವಾತಂತ್ರ್ಯ ಯಾರಿಗೆ, ಯಾವಾಗ, ಎಷ್ಟರ ಮಟ್ಟಿಗೆ ಇತ್ತು ಎಂಬುದು ಇಲ್ಲಿನ ನೇಕಾರಿಕೆಯ ಚರಿತ್ರೆಯ ಒಂದು ದೊಡ್ಡ ಭಾಗ.

ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಕಾಣುವ ನೆಲಗಳಲ್ಲಿ ಇದೂ ಒಂದು. ಸುತ್ತ ಕಲ್ಲುಗುಡ್ಡ, ನಡುವೆ ಕೆಂಪು ಮಣ್ಣು, ಬಹುಪಾಲು ದಿನ ಬತ್ತಿ ಮಲಗಿರುವ ವೇದಾವತಿ ನದಿ. ಮ್ಯಾಸಬೇಡರು ಮತ್ತು ಕಾಡುಗೊಲ್ಲರು ದನ ಕುರಿಗಳೊಂದಿಗೆ, ಕುರುಬರು ಕುರಿ ಮತ್ತು ಕಂಬಳಿಯೊಂದಿಗೆ, ದೇವಾಂಗ, ಪದ್ಮಶಾಲಿ, ಸ್ವಕುಳಸಾಳಿ ಸಮುದಾಯಗಳು ಮಗ್ಗದೊಂದಿಗೆ ಬದುಕು ಕಟ್ಟಿಕೊಂಡವು. ಒಂದೇ ಕಸುಬನ್ನು ನಂಬಿ ವರ್ಷ ಕಳೆಯುವ ಭರವಸೆಯನ್ನು ಈ ನೆಲ ಯಾರಿಗೂ ಕೊಟ್ಟದ್ದಿಲ್ಲ. ಮಳೆ ಬಂದರೆ ಹೊಲ, ಹೋದರೆ ಕೂಲಿ, ನಡುವೆ ಮಗ್ಗ ಅಥವಾ ಕುರಿ ಎಂಬುದು ಇಲ್ಲಿನ ಹಳೆಯ ಲೆಕ್ಕಾಚಾರ.

ಇಲ್ಲಿ ದುಡಿದು ಹೆಸರು ಉಳಿಸಿಹೋದವರಲ್ಲಿ ಮೊದಲಿಗ ನೇಕಾರನಲ್ಲ, ಬರಹಗಾರ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ ಬೆಟ್ಟದಲ್ಲಿ ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳನ್ನು ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ತಾನು ಲಿಪಿಕಾರ ಎಂದು ಹೇಳುವ ಮಾತನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಸಾವಿರ ಮೈಲಿಗೂ ಹೆಚ್ಚು ದೂರದ ಸೀಮೆಯ ಅಕ್ಷರ ಬಲ್ಲ ಒಬ್ಬ ನೌಕರ ಇಸಿಲ ಎಂಬ ಈ ಗಡಿ ಪಟ್ಟಣದಲ್ಲಿ ಅರಸನ ಮಾತನ್ನು ಬಂಡೆಗೆ ಇಳಿಸುವ ಕೆಲಸದಲ್ಲಿದ್ದ. ಹೊಟ್ಟೆಪಾಡಿಗೆ ಊರು ಬಿಟ್ಟು ಬರುವುದು ಈ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು ಎನ್ನಲು ಇಷ್ಟು ಸಾಕ್ಷಿ ಸಾಕು.

ನೇಕಾರರು ಕಸುಬು ಬಿಟ್ಟ ಸಂಗತಿಗೆ ಭಾರತದಲ್ಲಿ ಸಿಗುವ ಹಳೆಯ ಸ್ಪಷ್ಟ ದಾಖಲೆ ಮಧ್ಯಪ್ರದೇಶದ ಮಂದಸೋರ್‌ನದು. ಲಾಟ ದೇಶದಿಂದ, ಎಂದರೆ ಇಂದಿನ ಗುಜರಾತಿನ ದಕ್ಷಿಣ ಭಾಗದಿಂದ, ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿ ಎಂಬ ಕಸುಬಿನ ಸಂಘವೊಂದು ಅಲ್ಲಿ ಕ್ರಿ.ಶ. 437ರಲ್ಲಿ ಸೂರ್ಯ ದೇವಾಲಯ ಕಟ್ಟಿಸಿ, 473ರಲ್ಲಿ ಅದನ್ನು ದುರಸ್ತಿ ಮಾಡಿಸಿತು. ಆ ಶ್ರೇಣಿಯ ಕೆಲವರು ಬಿಲ್ವಿದ್ಯೆ ಹಿಡಿದರು, ಕೆಲವರು ಕಥೆ ಹೇಳುವುದರಲ್ಲಿ, ಇನ್ನು ಕೆಲವರು ಜ್ಯೋತಿಷದಲ್ಲಿ ಹೆಸರು ಮಾಡಿದರು, ಉಳಿದವರು ಮಗ್ಗದಲ್ಲೇ ಮುಂದುವರಿದರು ಎಂದು ಶಾಸನ ಹೇಳುತ್ತದೆ. ಬಿಟ್ಟವರನ್ನು ಅದು ದೂರುವುದಿಲ್ಲ, ಉಳಿದವರನ್ನು ಮೇಲೆತ್ತುವುದೂ ಇಲ್ಲ. ಇಬ್ಬರನ್ನೂ ಒಂದೇ ಶ್ರೇಣಿಯ ಮಕ್ಕಳಂತೆ ಎಣಿಸುತ್ತದೆ. ಕುಲಕಸುಬು ಕಾಲಿಗೆ ಕಟ್ಟಿದ ಸರಪಳಿಯಂತೆ ಎಂದೆಂದೂ ಬಿಗಿದೇ ಇತ್ತು ಎನ್ನುವವರು ಈ ಶಾಸನವನ್ನು ಓದಬೇಕು.

ಸರಪಳಿ ಬಿಗಿಯಾದದ್ದು ಬಹುಮಟ್ಟಿಗೆ ಮುಂಗಡದ ಹಣದಿಂದ. ನೂಲಿಗೂ ಮನೆಖರ್ಚಿಗೂ ವರ್ತಕರಿಂದ ಮೊದಲೇ ಹಣ ಪಡೆದು ನೇಯುವ ರೂಢಿ ದಕ್ಷಿಣ ಭಾರತದಲ್ಲಿ ಹಳೆಯದು. ಹದಿನೆಂಟನೆಯ ಶತಮಾನದವರೆಗೂ ಆ ರೂಢಿಯಲ್ಲಿ ನೇಕಾರನಿಗೊಂದು ಹಿಡಿತವಿತ್ತು. ಕೊಟ್ಟ ದರ ಒಗ್ಗದಿದ್ದರೆ, ಅಥವಾ ಬೇರೆ ವರ್ತಕ ಹೆಚ್ಚು ಕೊಟ್ಟರೆ, ಪಡೆದ ಮುಂಗಡ ಹಿಂದಿರುಗಿಸಿ ಮಾತು ಮುರಿದುಕೊಳ್ಳಬಹುದಿತ್ತು. ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಕಡೆಗಳಲ್ಲಿ ಈ ಹಕ್ಕನ್ನು ಕಿತ್ತುಕೊಂಡಿತು. ಮುಂಗಡ ಮುಟ್ಟಿದ ನೇಕಾರ ಕಂಪನಿಗೇ ನೇಯಬೇಕು, ಬೇರೆಯವರಿಗೆ ಮಾರಕೂಡದು ಎಂಬ ನಿಯಮಗಳು ಬಂದವು, ಕಾವಲಿಗೆ ಜವಾನರು ಬಂದು ಕೂತರು. ಮೊಳಕಾಲ್ಮೂರಿನ ನೆರೆಯ ರಾಯದುರ್ಗ, ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿಯ ಕೈಗೆ ಹೋಯಿತು. ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಭಾಷೆ, ನೆಂಟಸ್ತಿಕೆ, ಸಂತೆ ಎಲ್ಲವೂ ಒಂದೇ ಆಗಿದ್ದ ನೇಕಾರರು ಹೀಗೆ ಎರಡು ಸರ್ಕಾರಗಳಿಗೆ ಹಂಚಿಹೋದರು. ಮುಂದೆ 1859ರಲ್ಲಿ ಬ್ರಿಟಿಷ್ ಸರ್ಕಾರ ತಂದ ಕಾಯ್ದೆಯೊಂದು ಮುಂಗಡ ಪಡೆದು ಕೆಲಸ ಬಿಟ್ಟ ಕುಶಲಕರ್ಮಿಯನ್ನು, ಕೂಲಿಯವನನ್ನು ಜೈಲಿಗೆ ಕಳಿಸಲು ಅವಕಾಶ ಕೊಟ್ಟಿತು. ಮಾಲೀಕ ಕೂಲಿ ಕೊಡದಿದ್ದರೆ ಅದು ಸಿವಿಲ್ ವ್ಯಾಜ್ಯ, ಕೂಲಿಯವನು ಕೆಲಸ ಬಿಟ್ಟರೆ ಅದು ಅಪರಾಧ. ಇಂಥ ಅನ್ಯಾಯದ ಕಾನೂನು 1920ರ ದಶಕದ ನಡುವಿನವರೆಗೂ ಜೀವಂತವಾಗಿತ್ತು. ಕಾನೂನು ಹೋಯಿತು, ಅದರ ಹಿಂದಿನ ಭಾವನೆ ಬೇಗ ಹೋಗಲಿಲ್ಲ. ಬಾಕಿ ಉಳಿಸಿಕೊಂಡು ಮಗ್ಗದಿಂದ ಎದ್ದವನು ತಪ್ಪಿತಸ್ಥ ಎಂಬ ನೋಟ ನೇಕಾರರ ಕೇರಿಗಳಲ್ಲಿ ಬಹಳ ಕಾಲ ಉಳಿಯಿತು.

ನಡುವೆ ಬಂದ 1876-78ರ ಬರ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಗೇ ಎಡೆ ಕೊಡಲಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗೆ ಇಳಿದಿತ್ತು. ಬರದಲ್ಲಿ ಜನ ಮೊದಲು ನಿಲ್ಲಿಸುವುದು ಬಟ್ಟೆ ಕೊಳ್ಳುವುದನ್ನು. ಹೀಗಾಗಿ ಕಾಳು ಇನ್ನೂ ಸಂತೆಯಲ್ಲಿ ಸಿಗುತ್ತಿದ್ದಾಗಲೇ ನೇಕಾರನ ಒಲೆ ಆರುತ್ತದೆ. ಪರಿಹಾರವೆಂದು ಸರ್ಕಾರ ಕೊಡುತ್ತಿದ್ದದ್ದು ಕಲ್ಲು ಒಡೆಯುವ ಕೆಲಸ. ನವಿರು ಎಳೆ ಹಿಡಿಯುವ ಬೆರಳು ಕಲ್ಲು ಒಡೆದು ದಪ್ಪಗಟ್ಟಿದರೆ ಮತ್ತೆ ಮಗ್ಗಕ್ಕೆ ಬರುವ ದಾರಿಯೇ ಮುಚ್ಚುತ್ತದೆ. ಕೈಯ ಕಸುಬು ಬಿಡುವುದು ಅಷ್ಟು ಸುಲಭವಲ್ಲದ್ದಕ್ಕೆ ಇದೊಂದು ಕಾರಣ. ಕೆಲವು ಕೆಲಸಗಳನ್ನು ಬಿಟ್ಟು ವರ್ಷದ ನಂತರ ಹಿಂದಿರುಗಬಹುದು, ಕೆಲವಕ್ಕೆ ದೇಹವೇ ಒಪ್ಪುವುದಿಲ್ಲ.

ಮೊಳಕಾಲ್ಮೂರು ಸೀರೆಯನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ಹಿಡಿತವೂ ದಣಿವೂ ತಿಳಿಯುತ್ತವೆ. ಸಾಂಪ್ರದಾಯಿಕ ಮಗ್ಗ ಗುಂಡಿ ಮಗ್ಗ. ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು, ತುಳಿಹಲಗೆ ಒತ್ತುತ್ತ, ಹಾಸಿನ ಎಳೆಗಳ ಮೇಲೆ ಬಾಗಿ ಕೂರಬೇಕು. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣದ ಸೀರೆಗೆ ಮೂರು ಲಾಳಿ ಬೇಕು. ಎರಡು ಅಂಚಿಗೆ, ಒಂದು ಒಡಲಿಗೆ. ಒಬ್ಬನ ಕೈಗೆ ಮೂರೂ ಎಟುಕುವುದಿಲ್ಲ. ಆಚೆ ಬದಿಯ ಲಾಳಿ ಎಸೆಯಲು ಪಕ್ಕದಲ್ಲಿ ಮತ್ತೊಬ್ಬರು ಕೂರಬೇಕು. ಅಂಚಿನ ಎಳೆ ಒಡಲಿನ ಎಳೆಗೆ ಪ್ರತಿ ಸಾಲಿನಲ್ಲೂ ಕೊಂಡಿ ಬೀಳಬೇಕು, ಇಲ್ಲವಾದರೆ ಉಟ್ಟಾಗ ಅಂಚು ಬಿರಿಯುತ್ತದೆ. ನವಿಲು, ಹಣ್ಣು, ಹೂಬಳ್ಳಿ, ರುದ್ರಾಕ್ಷಿ, ಗುಡಿಯ ಸಾಲು ಹೀಗೆ ಅಂಚಿಗೂ ಬುಟ್ಟಾಕ್ಕೂ ಚಿತ್ತಾರಗಳಿವೆ. ಕುಸುರಿ ಎಷ್ಟೆಂಬುದರ ಮೇಲೆ ಒಂದು ಸೀರೆಗೆ ವಾರವೂ ಹಿಡಿದೀತು, ಮೂರು ವಾರವೂ ಹಿಡಿದೀತು. ಮಗ್ಗಕ್ಕೆ ಕೂರುವ ಮೊದಲು ರೇಷ್ಮೆಗೆ ಬಣ್ಣ ಹಾಕಿ, ಹಾಸು ಬಿಟ್ಟು, ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಕೂಡಿಸಿ, ಕಂಡಿಕೆ ಸುತ್ತಿ ಮುಗಿಸಿರಬೇಕು. ಇವುಗಳಲ್ಲಿ ಬಹುಪಾಲು ಹೆಂಗಸರು, ಮುದುಕರು ಮತ್ತು ಮಕ್ಕಳು ಮಾಡಿದ ಕೆಲಸ. ಅದಕ್ಕೆ ಬೇರೆ ಕೂಲಿ ಇರಲಿಲ್ಲ. ಸೀರೆಯ ಕೂಲಿಯಲ್ಲೇ ಮನೆಮಂದಿಯ ದುಡಿಮೆಯೆಲ್ಲ ಸೇರಿಹೋಗುತ್ತಿತ್ತು.

ಸ್ವಂತ ಮಗ್ಗ ಮತ್ತು ಕೂಲಿ ಮಗ್ಗದ ವ್ಯತ್ಯಾಸ ಇಲ್ಲಿ ಮುಖ್ಯ. ಸ್ವಂತ ಮಗ್ಗದವರು ರೇಷ್ಮೆ, ಜರಿ ತಾವೇ ತಂದು, ಬಣ್ಣ ಚಿತ್ತಾರ ತಾವೇ ಆರಿಸಿ, ಸೀರೆ ತಾವೇ ಮಾರುತ್ತಾರೆ. ಕೂಲಿ ಮಗ್ಗದವರಿಗೆ ಎಲ್ಲವೂ ಸಾಹುಕಾರರ ಮನೆಯಿಂದ ತೂಕದ ಲೆಕ್ಕದಲ್ಲಿ ಬರುತ್ತದೆ, ಸೀರೆ ತೂಕದ ಲೆಕ್ಕದಲ್ಲೇ ಹಿಂದಿರುಗುತ್ತದೆ. ಯಾವ ಬಣ್ಣಕ್ಕೆ ಯಾವ ಅಂಚು ಒಪ್ಪುತ್ತದೆ ಎಂಬ ತೀರ್ಮಾನ ಕೈತಪ್ಪಿದ ಮೇಲೆ ಅದೇ ಮಗ್ಗ, ಅದೇ ಲಾಳಿ ಬೇರೆಯೇ ಕೆಲಸವಾಗಿಬಿಡುತ್ತದೆ. ಮಗ್ಗದ ಬೇಸರಕ್ಕೆ ಸಾಮಾನ್ಯವಾಗಿ ಏಕತಾನದ ದುಡಿಮೆಯನ್ನು ದೂರುತ್ತಾರೆ. ಆದರೆ ಸ್ವಂತ ಮಗ್ಗದವನೂ ಅಷ್ಟೇ ಬಾರಿ ಲಾಳಿ ಎಸೆಯುತ್ತಾನೆ. ಬೇಸರದ ಬೇರು ತೀರ್ಮಾನ ಕಳೆದುಕೊಂಡಲ್ಲಿದೆ, ಮಾಡಿದ್ದಕ್ಕೆ ತಕ್ಕಷ್ಟು ಬಾರದಲ್ಲಿದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿ ಸುತ್ತಲ ಊರುಗಳಲ್ಲಿ ಕೆರೆ ಕಟ್ಟಿಸುವಾಗ ಪ್ರತಿಯೊಬ್ಬರಿಗೂ ಅವರವರ ದುಡಿಮೆಗೆ ಸರಿಯಾಗಿ ಕೂಲಿ ಸಿಗುತ್ತಿತ್ತು ಎಂಬ ನಂಬಿಕೆ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಮನೆಮಾತು. ಇಲ್ಲಿನ ಜನ ಕೂಲಿಯ ನ್ಯಾಯವನ್ನು ಇಂದಿಗೂ ಅಳೆಯುವುದು ಆ ಅಳತೆಗೋಲಿನಿಂದ.

ಬೇಸರವನ್ನು ಸಹಿಸಲು ಕೇರಿಗಳು ತಮ್ಮದೇ ದಾರಿ ಕಂಡುಕೊಂಡಿದ್ದವು. ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರು, ಮುಂದೆ ಗೌರಸಮುದ್ರದ ಮಾರಮ್ಮನ ಜಾತ್ರೆ, ಬೇಸಿಗೆಯ ರಾತ್ರಿಗಳಲ್ಲಿ ಬಯಲಾಟ. ಹಗಲೆಲ್ಲ ಬಾಗಿ ಕೂತ ಮೈ ರಾತ್ರಿ ಅರಸನ ಪಾತ್ರ ಕಟ್ಟಿ ಎದೆಯುಬ್ಬಿಸಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ಇನ್ನೊಂದು ದಾರಿ ಸಾಹುಕಾರರನ್ನು ಬದಲಿಸುವುದು. ಹೊಸ ಸಾಹುಕಾರ ಹಳೆಯ ಬಾಕಿ ತೀರಿಸಿ ನೇಕಾರನನ್ನು ಕರೆದುಕೊಳ್ಳುತ್ತಿದ್ದ. ಧಣಿ ಬದಲಾಗುತ್ತಿತ್ತು, ಬಾಕಿ ಮಾತ್ರ ನೇಕಾರನ ಜೊತೆಯೇ ಹೊಸ ಮನೆಗೆ ಬರುತ್ತಿತ್ತು.

ಸ್ವಾತಂತ್ರ್ಯಾನಂತರದ ಸರ್ಕಾರಗಳು ಈ ಕಟ್ಟನ್ನು ಸಡಿಲಿಸಲು ಯತ್ನಿಸಿದವು. ನೇಕಾರರ ಸಹಕಾರ ಸಂಘಗಳು ಹುಟ್ಟಿದವು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂತು. ನೂಲು ಕೊಟ್ಟು, ಕೂಲಿ ಕೊಟ್ಟು, ಬಟ್ಟೆಯನ್ನು ‘ಪ್ರಿಯದರ್ಶಿನಿ’ ಮಳಿಗೆಗಳಲ್ಲಿ ಮಾರುವುದು ಅದರ ಕ್ರಮ. 1976ರಲ್ಲಿ ಜೀತ ಪದ್ಧತಿ ನಿಷೇಧ ಕಾಯ್ದೆಯೂ, ರಾಜ್ಯದ ಋಣ ಪರಿಹಾರ ಕಾಯ್ದೆಯೂ ಬಂದವು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಸೀರೆಯೂ ಇತ್ತು. ವಿದ್ಯುತ್ ಮಗ್ಗದವರು ಅದನ್ನು ಪ್ರಶ್ನಿಸಿದರು, ಸುಪ್ರೀಂ ಕೋರ್ಟ್ 1993ರಲ್ಲಿ ಎತ್ತಿಹಿಡಿಯಿತು. ಕಾಯ್ದೆ ಗೆದ್ದರೂ ಪೇಟೆಯಲ್ಲಿ ಅದನ್ನು ಕಾಯುವವರು ಇರಲಿಲ್ಲ. ಕೈಮಗ್ಗದ ಅಂಚು, ಸೆರಗುಗಳ ನಕಲು ವಿದ್ಯುತ್ ಮಗ್ಗದಲ್ಲಿ ಕಡಿಮೆ ಬೆಲೆಗೆ ಸಿಗತೊಡಗಿತು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಮುಂದೆ ದೊರೆಯಿತು. ಹೆಸರಿಗೆ ರಕ್ಷಣೆ ಸಿಕ್ಕಿತಾದರೂ ಹೆಸರಿನ ಬೆಲೆ ನೇಯುವವರ ಕೈಗೆ ತಲುಪುವ ಏರ್ಪಾಡು ಅದರೊಳಗೆ ಇರಲಿಲ್ಲ.

ಮಗ್ಗವನ್ನು ಮೊದಲು ಬಿಟ್ಟವರು ನೇಕಾರರಲ್ಲ, ಪಕ್ಕದಲ್ಲಿ ಕೂರುತ್ತಿದ್ದವರು. ಮಕ್ಕಳು ಶಾಲೆಗೆ ಹೋಗತೊಡಗಿದಾಗ ಮೂರನೆಯ ಲಾಳಿ ಎಸೆಯುವ ಕೈ ಇಲ್ಲವಾಯಿತು. ಅದು ಆಗಬೇಕಾಗಿದ್ದ ಒಳ್ಳೆಯ ಬದಲಾವಣೆ. ಮಗುವಿನ ಬಾಲ್ಯ ತೆತ್ತು ಉಳಿಸಿಕೊಳ್ಳುವಂಥ ಕಲೆ ಯಾವುದೂ ಇಲ್ಲ. ಆದರೆ ಕೂಲಿಯ ದರ ಮಾತ್ರ ಪುಕ್ಕಟೆ ಸಹಾಯಕರಿದ್ದ ಕಾಲದ ಲೆಕ್ಕದಲ್ಲೇ ನಿಂತಿತು. ಸಹಾಯಕರಿಗೆ ಹಣ ಕೊಟ್ಟು ನೇಯಿಸಿದರೆ ನೇಕಾರನಿಗೆ ಉಳಿಯುವುದು ಅಲ್ಪ, ಸಹಾಯಕರಿಲ್ಲದೆ ನೇಯ್ದರೆ ಸರಳ ಅಂಚಿನ ಸೀರೆ, ಅದಕ್ಕೆ ಇನ್ನೂ ಅಲ್ಪ ಕೂಲಿ. ಓದಿದ ಮಕ್ಕಳು ಮಗ್ಗಕ್ಕೆ ಮರಳಬಾರದು ಎಂದು ತಂದೆತಾಯಿಯರೇ ಹಟ ಹಿಡಿದದ್ದಕ್ಕೆ ಈ ಲೆಕ್ಕ ಹಿನ್ನೆಲೆ.

ಚಳ್ಳಕೆರೆಯ ಕಂಬಳಿಯ ಕಥೆ ಬೇರೆ ದಿಕ್ಕಿನದು. ಡೆಕ್ಕನಿ ಕುರಿಯ ಕಪ್ಪು ಉಣ್ಣೆಯನ್ನು ಕತ್ತರಿಸಿ, ಹಿಂಜಿ, ಮನೆಯ ಹೆಂಗಸರು ನೂತು, ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಕಂಬಳಿ ಚಳಿಗೂ ಆಗುತ್ತದೆ, ಮಳೆಗೆ ಕೊಪ್ಪೆಯೂ ಆಗುತ್ತದೆ. ಕುರಿ, ನೂಲು, ನೇಯ್ಗೆ, ಸಂತೆಯ ಮಾರಾಟ ನಾಲ್ಕೂ ಒಂದೇ ಸಮುದಾಯದ ಕೈಯಲ್ಲಿದ್ದುದರಿಂದ ರೇಷ್ಮೆಯಂತೆ ಇಲ್ಲಿ ಸಾಹುಕಾರರ ಹಿಡಿತ ಅಷ್ಟು ಬಿಗಿಯಾಗಲಿಲ್ಲ. ಮದುವೆಗೆ, ದೇವರ ಗದ್ದಿಗೆಗೆ ಕಂಬಳಿಯೇ ಬೇಕು ಎಂಬ ರೂಢಿ ಒಂದಿಷ್ಟು ಗಿರಾಕಿಯನ್ನು ಸದಾ ಉಳಿಸಿತ್ತು. ಈ ಕಸುಬನ್ನು ಜನ ಬಿಡುವ ಮೊದಲೇ ಕಸುಬು ಜನರನ್ನು ಬಿಡುತ್ತ ಬಂತು. ಗಿರಣಿಯ ಅಗ್ಗದ ಹೊದಿಕೆಗಳು ಬಂದವು. ಮಾಂಸದ ಬೆಲೆ ಏರಿ ಉಣ್ಣೆಯ ಬೆಲೆ ಕುಸಿದಾಗ ಕುರಿಗಾರರು ಉಣ್ಣೆ ಕಡಿಮೆ, ಮೈ ದೊಡ್ಡದಾದ ತಳಿಗಳತ್ತ ತಿರುಗಿದರು.

ಹಾಗೆ ಬಿಟ್ಟವರಿಗೆ ಒಂದು ಕಾಲದಲ್ಲಿ ಊರಲ್ಲೇ ಬೇರೆ ಕೆಲಸವಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತಾಲ್ಲೂಕಿನ ಹೊಲಗಳೆಲ್ಲ ಶೇಂಗಾ ಆದವು. ಗಾಣದ ಮಿಲ್ಲುಗಳು ಸಾಲುಸಾಲಾಗಿ ಎದ್ದು ಚಳ್ಳಕೆರೆ ‘ಎಣ್ಣೆ ನಗರಿ’ ಎನಿಸಿಕೊಂಡಿತು. ಹಮಾಲಿ, ಲಾರಿ, ಶೇಂಗಾ ಸುಲಿಯುವ ಕೆಲಸ, ಕಮಿಷನ್ ಅಂಗಡಿಯ ಗುಮಾಸ್ತಿಕೆ ಹೀಗೆ ಮಗ್ಗ ಬಿಟ್ಟವನು ಹಗಲು ದುಡಿದು ರಾತ್ರಿ ಮನೆಗೆ ಬರಬಹುದಿತ್ತು. 1994ರಲ್ಲಿ ಕೇಂದ್ರ ಸರ್ಕಾರ ಖಾದ್ಯ ತೈಲದ ಆಮದನ್ನು ಮುಕ್ತಗೊಳಿಸಿದ ಮೇಲೆ ತಾಳೆ ಎಣ್ಣೆ ಹರಿದುಬಂದು ಶೇಂಗಾ ಎಣ್ಣೆಯ ಪೇಟೆಯನ್ನು ಹಿಂಡಿತು. ಮಳೆ ಕೈಕೊಟ್ಟ ವರ್ಷಗಳು ಅದಕ್ಕೆ ಜೊತೆಯಾದವು. ಒಂದೊಂದಾಗಿ ಮಿಲ್ಲುಗಳು ಬಾಗಿಲು ಹಾಕಿದವು. ಊರೊಳಗಿನ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಬಸ್ ನಿಲ್ದಾಣದ ದಾರಿ.

ಮೇವಿನ ನೆಲವೂ ಕುಗ್ಗಿತು. ಮೈಸೂರು ಅರಸರು, ಹೈದರ್, ಟಿಪ್ಪು ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲು ಎಂಬ ಹುಲ್ಲುಗಾವಲುಗಳಲ್ಲಿ ಸುತ್ತಲ ಹಳ್ಳಿಗಳ ಕುರಿಗಳೂ ಮೇಯುತ್ತಿದ್ದವು. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು 2008ರ ನಂತರದ ಕೆಲವೇ ವರ್ಷಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವಕ್ಕೆ ನೀಡಲಾಯಿತು. ಬೇಲಿ, ಗೋಡೆ ಎದ್ದವು. ಗ್ರಾಮಸ್ಥರ ವಿರೋಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ದೇಶಕ್ಕೆ ಆ ಸಂಸ್ಥೆಗಳ ಅಗತ್ಯ ಇದ್ದೀತು. ಕುರಿಗಾರ ಮತ್ತು ಕಂಬಳಿ ನೇಕಾರರ ಮಟ್ಟಿಗೆ ಅದು ಕಸುಬಿನ ತಳಹದಿಯನ್ನೇ ಕದಲಿಸಿದ ತೀರ್ಮಾನ, ಅದನ್ನು ತೆಗೆದುಕೊಳ್ಳುವಾಗ ಅವರನ್ನು ಕೇಳಲಿಲ್ಲ.

ಬಸ್ ಹತ್ತಿದವರು ಎರಡು ದಿಕ್ಕಿಗೆ ಹೋದರು. ರಾಂಪುರದ ಹೆದ್ದಾರಿಯಲ್ಲಿ ಉತ್ತರಕ್ಕೆ ಬಳ್ಳಾರಿ, ಅಲ್ಲಿನ ಜೀನ್ಸ್ ಹೊಲಿಗೆಯ ಘಟಕಗಳು. ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರು, ಅಲ್ಲಿನ ಗಾರ್ಮೆಂಟ್ಸ್, ಕಟ್ಟಡದ ಕೆಲಸ, ಕಾವಲುಗಾರಿಕೆ. ಇಡೀ ಮನೆ ಒಟ್ಟಿಗೆ ಎದ್ದುಹೋಗುವುದು ಅಪರೂಪ. ಒಬ್ಬ ಮಗನೋ ಸೊಸೆಯೋ ಹೋಗಿ ಸಂಬಳ ಕಳಿಸುವುದು, ಹಿರಿಯರು ಮಗ್ಗದಲ್ಲಿ ಉಳಿಯುವುದು, ಮಳೆಗಾಲಕ್ಕೆ ಎಲ್ಲರೂ ಹೊಲಕ್ಕೆ ಕೂಡುವುದು ಹೆಚ್ಚು ಕಂಡುಬಂದ ರೀತಿ. ಇದನ್ನು ಅರೆಮನಸ್ಸು ಎಂದು ತಳ್ಳಿಹಾಕಬಾರದು. ಬಿಡುವುದು, ಉಳಿಯುವುದು ಎರಡರ ಅಪಾಯವನ್ನೂ ಮನೆಯೊಳಗೆ ಹಂಚಿಕೊಂಡ ಜಾಣತನ ಅದು. ಮೊದಲ ಸಂಬಳದಲ್ಲಿ ಸಾಹುಕಾರರ ಬಾಕಿ ತೀರಿಸಿದ ಮನೆಗಳಿಗೆ ಆಮೇಲೆ ಆಯ್ಕೆ ಇತ್ತು. ಸ್ವಂತಕ್ಕೆ ನೇಯಬಹುದು, ಅಥವಾ ಮಗ್ಗ ಕಳಚಿಡಬಹುದು. ಬಾಕಿ ಹಾಗೇ ಇಟ್ಟುಕೊಂಡು ಪಟ್ಟಣ ಸೇರಿದವರು ಎರಡು ಕಡೆಗೂ ದುಡಿದರು.

ಪಟ್ಟಣದ ಕೆಲಸ ಮಗ್ಗದ ಬೇಸರಕ್ಕೆ ಮದ್ದಾಯಿತು ಎನ್ನಲಾಗದು. ಗಾರ್ಮೆಂಟ್ಸಿನ ಸಾಲಿನಲ್ಲಿ ಕೂತ ಹೆಣ್ಣುಮಗಳು ಇಡೀ ದಿನ ಕಾಲರನ್ನೋ ತೋಳನ್ನೋ ಮಾತ್ರ ಹೊಲಿಯುತ್ತಾಳೆ. ಇಡೀ ಅಂಗಿ ಅವಳ ಕೈಯಲ್ಲಿ ಆಗುವುದೇ ಇಲ್ಲ. ಆದರೆ ತಿಂಗಳ ಕೊನೆಗೆ ಸಂಬಳ ಖಚಿತ, ಭವಿಷ್ಯ ನಿಧಿ ಖಚಿತ. ಆ ನಿಧಿಯ ಬೆಲೆ ಎಷ್ಟೆಂಬುದು 2016ರ ಏಪ್ರಿಲ್‌ನಲ್ಲಿ ದೇಶಕ್ಕೇ ತಿಳಿಯಿತು. ನಿಧಿಯ ಹಣವನ್ನು 58 ವರ್ಷ ತುಂಬುವ ಮೊದಲು ಪೂರ್ತಿಯಾಗಿ ಹಿಂಪಡೆಯದಂತೆ ಕೇಂದ್ರ ಸರ್ಕಾರ ನಿಯಮ ತಂದಾಗ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ನಿಯಮ ವಾಪಸಾಯಿತು. ಅವರಿಗೆ ಅದು ಮುದಿವಯಸ್ಸಿನ ಉಳಿತಾಯ ಆಗಿರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗುವಾಗ, ಮದುವೆಗೆ, ಹೊಸ ಕೆಲಸ ಹುಡುಕುವ ತಿಂಗಳುಗಳಿಗೆ ಕೈಯಲ್ಲಿರಬೇಕಾದ ಹಣ ಅದು. ನೇಕಾರನ ಮುಂಗಡ ಅವನನ್ನು ಕೆಲಸಕ್ಕೆ ಕಟ್ಟಿಹಾಕಿತು, ಈ ಹೆಣ್ಣುಮಕ್ಕಳ ನಿಧಿ ಬಿಡಿಸಿಕೊಳ್ಳುವ ದಾರಿಯಾಯಿತು. ಎರಡೂ ದುಡ್ಡೇ. ದುಡಿಮೆಗೆ ಮೊದಲು ಬರುವುದಕ್ಕೂ ನಂತರ ಬರುವುದಕ್ಕೂ ಇಷ್ಟು ಅಂತರ.

ದೇಶದ ಕೈಮಗ್ಗ ಗಣತಿಗಳು ಬಿಟ್ಟವರ ಪ್ರಮಾಣ ತೋರಿಸುತ್ತವೆ. ನೇಕಾರರು ಮತ್ತು ಪೂರಕ ಕೆಲಸಗಾರರು ಸೇರಿ 1995-96ರಲ್ಲಿ 65 ಲಕ್ಷಕ್ಕೂ ಹೆಚ್ಚಿದ್ದರು, 2009-10ರಲ್ಲಿ 43 ಲಕ್ಷ, 2019-20ರಲ್ಲಿ 35 ಲಕ್ಷ. ಕೊನೆಯ ಗಣತಿಯಲ್ಲಿ ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗೂ ಕಡಿಮೆ. ಇಷ್ಟು ಆದಾಯದಲ್ಲೂ 35 ಲಕ್ಷ ಜನ ಏಕೆ ಉಳಿದರು ಎಂಬುದೇ ಕೇಳಬೇಕಾದ ಪ್ರಶ್ನೆ. ಕೆಲವರಿಗೆ ವಯಸ್ಸಾಗಿತ್ತು, ಕೆಲವರಿಗೆ ಬಾಕಿ ಇತ್ತು, ಮನೆಯಲ್ಲಿದ್ದೇ ದುಡಿಯುವುದು ಬಿಟ್ಟರೆ ಬೇರೆ ದಾರಿಯಿಲ್ಲದ ಹೆಂಗಸರು ಬಹಳ ಮಂದಿ. ಕಸುಬಿನ ಮೇಲಿನ ಅಕ್ಕರೆಯಿಂದ ಉಳಿದವರೂ ಇದ್ದಾರೆ. ಆದರೆ ಆ ಅಕ್ಕರೆಯನ್ನೇ ಮುಂದಿಟ್ಟು ಕೂಲಿಯ ಮಾತನ್ನು ಮರೆಸುವುದು ಅವರಿಗೆ ಮಾಡುವ ಅನ್ಯಾಯ.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಮರಳಿದವರಿಗೆ ಕಳಚದೆ ಇಟ್ಟ ಮಗ್ಗಗಳು ನೆನಪಾದವು. ಆದರೆ ರೇಷ್ಮೆ ಬರುತ್ತಿರಲಿಲ್ಲ, ಮದುವೆಗಳು ನಿಂತಿದ್ದವು, ನೇಯ್ದ ಸೀರೆಗಳೇ ಮನೆಯಲ್ಲಿ ಉಳಿದಿದ್ದವು. ಅದೇ ವರ್ಷ ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಯೋಜನೆಯಡಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಆರಂಭಿಸಿತು, 2022ರಲ್ಲಿ ಅದು 5,000 ಆಯಿತು. 2021ರಿಂದ ಕಚ್ಚಾ ರೇಷ್ಮೆಯ ಬೆಲೆ ಏರಿ ಗೂಡು ಬೆಳೆಯುವ ರೈತನಿಗೆ ಒಳ್ಳೆಯದಾಯಿತು. ಸ್ವಂತಕ್ಕೆ ನೇಯುವವರಿಗೆ ಬಂಡವಾಳ ಸಾಲದಾಯಿತು, ಅವರಲ್ಲಿ ಕೆಲವರು ಮತ್ತೆ ಕೂಲಿ ಮಗ್ಗಕ್ಕೆ ಇಳಿಯಬೇಕಾದ ಒತ್ತಡ ಬಂತು. ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದು ಇನ್ನೂ ಇದೆ, ಚಳ್ಳಕೆರೆಯಲ್ಲಿ ಕಂಬಳಿಗೆ ಕೊಳ್ಳುವವರೂ ಇದ್ದಾರೆ. ಬಿಡುವ ಮಾತು ಈಗ ಹೆಚ್ಚಾಗಿ ಏಳುವುದು ಮಕ್ಕಳ ಓದು ಮುಗಿದ ವರ್ಷ, ಹಳೆಯ ಬಾಕಿ ತೀರಿದ ವರ್ಷ, ಅಥವಾ ಮಗ್ಗದಲ್ಲಿ ಕೂತವರ ಕಣ್ಣಿಗೆ ಎಳೆ ಸರಿಯಾಗಿ ಕಾಣದಾದ ವರ್ಷ.